ಮೋಟಾರ್ ಸೈಕಲ್ಲಿನ ಮುಂಗಾಲುಗಳು

ರಸ್ತೆಯ ಗುಂಡಿಗೆ ಚಕ್ರವಿಳಿದು ಮುಂಭಾಗ ಧಡಾರೆಂದರೆ, ಅಥವಾ ಬ್ರೇಕು ಹಿಡಿದೊಡನೆ ಗಾಡಿ ಮುಂದಕ್ಕೆ ಕುಸಿದರೆ, "ಶಾಕು ಮೆತ್ತಗಾಗಿದೆ, ಗಟ್ಟಿ ಮಾಡಿಸಬೇಕು" ಎಂಬ ನಿರ್ಣಯಕ್ಕೆ ಬಂದುಬಿಡುವುದು ನಮ್ಮ ಸವಾರರಲ್ಲಿ ರೂಢಮೂಲವಾದ ಅಭ್ಯಾಸ. ಆದರೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಜೋಡಿ ಕೊಳವೆಗಳೊಳಗೆ ಪರಸ್ಪರ ಭಿನ್ನವಾದ ಎರಡು ಕಾರ್ಯಗಳು ಏಕಕಾಲದಲ್ಲಿ ಸಾಗುತ್ತಿರುತ್ತವೆ: ಭಾರವನ್ನು ಹೊರುವುದು ಸ್ಪ್ರಿಂಗಿನ ಧರ್ಮ, ಕುಗ್ಗಿದ ಸ್ಪ್ರಿಂಗು ಮತ್ತೆ ಮತ್ತೆ ಪುಟಿಯದಂತೆ ನಿಗ್ರಹಿಸುವುದು ಎಣ್ಣೆಯ ಧರ್ಮ. ದೋಷ ಇವೆರಡರಲ್ಲಿ ಯಾವುದರದೆಂದು ವಿವೇಚಿಸದೆ ಮಾಡಿಸಿದ ರಿಪೇರಿ ಬಹುಮಟ್ಟಿಗೆ ವ್ಯರ್ಥವ್ಯಯವೇ ಸರಿ.

ಸ್ಪ್ರಿಂಗನ್ನು ಎಣ್ಣೆಯಿಂದ ಕಟ್ಟಿಹಾಕುವ ಈ ಯುಕ್ತಿಯನ್ನುಳ್ಳ ಫೋರ್ಕು ಮಾರಾಟದ ಗಾಡಿಗಳಲ್ಲಿ ಮೊದಲು ಕಾಣಿಸಿಕೊಂಡದ್ದು 1935ರಲ್ಲಿ, ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯ ಆರ್12 ಮತ್ತು ಆರ್17 ಮಾದರಿಗಳಲ್ಲಿ. 1961ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾಕ್ಕೂ, ಇಂದು ಹಾಲಿನ ಕ್ಯಾನು ಹೊತ್ತು ಊರೂರು ತಿರುಗುವ ಸ್ಪ್ಲೆಂಡರಿಗೂ ಅದೇ ವಂಶದ ಮುಂಗಾಲುಗಳು. ಇಂಥ ಸಾಧಾರಣ ಫೋರ್ಕಿನಲ್ಲಿ ಎಣ್ಣೆ ಹರಿಯುವುದು ಅಳತೆ ಬದಲಾಗದ ಸಣ್ಣ ರಂಧ್ರಗಳ ಮೂಲಕ. ಆ ರಂಧ್ರಗಳ ಪ್ರತಿರೋಧವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯತಕ್ಕದ್ದು, ಎಂದರೆ ವೇಗ ಇಮ್ಮಡಿಯಾದರೆ ಪ್ರತಿರೋಧ ನಾಲ್ಮಡಿ. ಆದಕಾರಣ ಬ್ರೇಕು ಹಿಡಿದಾಗ ಫೋರ್ಕು ಮೆಲ್ಲನೆ ಕುಸಿಯುತ್ತಿರುವಲ್ಲಿ ಎಣ್ಣೆ ತಡೆಯೊಡ್ಡುವುದೇ ಇಲ್ಲವೆನ್ನುವಷ್ಟು ಉದಾಸೀನವಾಗಿದ್ದು, ಗುಂಡಿಯ ಚೂಪಾದ ಅಂಚಿಗೆ ಚಕ್ರ ತಾಗಿದ ಕ್ಷಣದಲ್ಲಿ ಮಾತ್ರ ಕಲ್ಲಿನಂತೆ ಬಿಗಿದುಕೊಂಡು ಆಘಾತವನ್ನೆಲ್ಲ ಸವಾರನ ಮಣಿಕಟ್ಟಿಗೆ ದಾಟಿಸುತ್ತದೆ. ಮಂದವಾದ ಎಣ್ಣೆ ತುಂಬಿಸಿದರೆ ಮೊದಲನೆಯ ದೋಷ ಕೊಂಚ ಶಮನವಾದೀತು, ಎರಡನೆಯದು ಉಲ್ಬಣಿಸುತ್ತದೆ.

ಹಣ ಬಿಚ್ಚುವ ಮುನ್ನ ಪರೀಕ್ಷೆ. ಮುಂದಿನ ಬ್ರೇಕನ್ನು ಬಿಗಿಹಿಡಿದು ಗಾಡಿಯನ್ನು ಹಿಂದೆಮುಂದೆ ತೂಗಿದಾಗ, ಸಡಿಲವು ಹ್ಯಾಂಡಲಿನ ಬುಡದಲ್ಲಿ ಕೈಗೆ ಸಿಕ್ಕಿದರೆ ಅಪರಾಧಿ ಅಲ್ಲಿನ ಬೇರಿಂಗು, ಎಂದರೆ ಕೋನ್ ಸೆಟ್ಟು. ಕೊಳವೆಗಳು ಒಂದರೊಳಗೊಂದು ಸೇರುವಲ್ಲಿ ಸಿಕ್ಕಿದರೆ ಸವೆದಿರುವುದು ಬುಷ್. ಪಂಕ್ಚರ್ ಹಾಕಿಸಿ ಚಕ್ರ ಕೂರಿಸಿದ ಮೇಲೆ ಫೋರ್ಕು ತಡೆತಡೆದು ಚಲಿಸತೊಡಗಿದರೆ ಎರಡು ಕಾಲುಗಳೂ ಸಮಾಂತರ ತಪ್ಪಿರುವ ಸಂಭವವುಂಟು. ಆಕ್ಸಲನ್ನು ಹಿಡಿದಿರುವ ಬೋಲ್ಟನ್ನು ಸಡಿಲಿಸಿ, ಮುಂಭಾಗವನ್ನು ನಾಲ್ಕಾರು ಬಾರಿ ಅದುಮಿ, ಮರಳಿ ಬಿಗಿದರೆ ಎಷ್ಟೋ ವೇಳೆ ಅಷ್ಟೇ ಸಾಕು. ಎಣ್ಣೆ ಜಿನುಗಿದರೆ ಎಲ್ಲರೂ ದೂರುವುದು ಆಯಿಲ್ ಸೀಲನ್ನು. ಆದರೆ ಕ್ರೋಮಿಯಂ ಲೇಪ ಕಿತ್ತು ತುಕ್ಕಿನ ಕುಳಿ ಬಿದ್ದಿರುವ ಕೊಳವೆಯನ್ನು ಹಾಗೆಯೇ ಬಿಟ್ಟು ಎಷ್ಟು ಸೀಲು ಬದಲಿಸಿದರೂ ಅವು ಒಂದರ ಹಿಂದೊಂದು ಹರಿಯುತ್ತಲೇ ಇರುತ್ತವೆ. ಜಿನುಗಿದ ಎಣ್ಣೆ ಬ್ರೇಕಿನ ಡಿಸ್ಕಿಗೆ ತಗುಲಿದ್ದರೆ, ಅದನ್ನು ಸರಿಪಡಿಸುವವರೆಗೆ ಗಾಡಿ ಓಡಿಸತಕ್ಕದ್ದಲ್ಲ.

ಇನ್ನು ಸುಧಾರಣೆಯ ವಿಚಾರ. ಸವಾರ ಕುಳಿತಾಗ ಫೋರ್ಕು ತನ್ನ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿಯಬೇಕೆಂಬುದು ಸಾಮಾನ್ಯ ನಿಯಮ, 130 ಮಿ.ಮೀ. ಚಲನೆಯುಳ್ಳ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಇದು ಸುಮಾರು 32ರಿಂದ 43 ಮಿ.ಮೀ. ಕೊಳವೆಗೊಂದು ರಬ್ಬರ್ ಬ್ಯಾಂಡು ಸುತ್ತಿ ಯಾರಾದರೂ ಅಳೆಯಬಹುದು. ಹೆಚ್ಚು ಇಳಿದಲ್ಲಿ ಸ್ಪ್ರಿಂಗಿನ ಮೇಲೆ ವಾಷರು ಕೂರಿಸುವ ಪದ್ಧತಿಯುಂಟಷ್ಟೆ. ಅದರಿಂದ ಗಾಡಿಯ ಮುಂಭಾಗ ಎತ್ತರವಾದೀತೇ ಹೊರತು ಸ್ಪ್ರಿಂಗಿನ ಬಿಗುವು ಬದಲಾಗದು. ದೇಹಭಾರಕ್ಕೆ ತಕ್ಕ ಸ್ಪ್ರಿಂಗನ್ನೇ ಹಾಕಿಸುವುದು ಋಜುಮಾರ್ಗ. ಎಣ್ಣೆಯ ಡಬ್ಬಿಯ ಮೇಲಿನ ಮಂದತೆಯ ಸಂಖ್ಯೆಯನ್ನು ಅತಿಯಾಗಿ ನಂಬಲಾಗದು, ಒಂದು ಕಂಪನಿಯ 10 ಮತ್ತೊಂದರ 15ಕ್ಕೆ ಸಮೀಪವಾಗಿರಬಹುದು; ಕೊಳವೆಯೊಳಗಿನ ಮಟ್ಟವಾದರೆ ಸುಳ್ಳು ಹೇಳದು. ಎಣ್ಣೆಯ ಮೇಲೆ ಉಳಿದ ಗಾಳಿಯೂ ಅದುಮಿದಂತೆಲ್ಲ ಸ್ಪ್ರಿಂಗಾಗಿ ವರ್ತಿಸುವುದರಿಂದ, ಮಟ್ಟವನ್ನು 10 ಮಿ.ಮೀ. ಏರಿಸಿದರೂ ಚಲನೆಯ ಕೊನೆಯ ಭಾಗ ಬಿಗಿಯಾಗುತ್ತದೆ. ಆಸೆಪಟ್ಟು ಮತ್ತಷ್ಟು ತುಂಬಿದರೆ ಸೀಲು ಕೆಟ್ಟೀತು. ರಂಧ್ರಗಳ ಆ ಮೂಲದೋಷಕ್ಕೆ ಮದ್ದು ಎಮ್ಯುಲೇಟರೆಂಬ ಕವಾಟ: ರಂಧ್ರಗಳನ್ನು ಹಿಗ್ಗಿಸಿ, ಸ್ಪ್ರಿಂಗಿನ ಕೆಳಗೆ ಇದನ್ನು ಕೂರಿಸಿದರೆ, ನಿಧಾನದ ಕುಸಿತವನ್ನು ತಡೆದು ತೀವ್ರವಾದ ಆಘಾತಕ್ಕೆ ತೆರೆದುಕೊಳ್ಳುತ್ತದೆ.

ಬೇರೊಂದು ಗಾಡಿಯ ತಲೆಕೆಳಗಾದ, ಹೊಂಬಣ್ಣದ ಫೋರ್ಕುಗಳನ್ನು ತಂದು ಜೋಡಿಸುವ ಚಪಲ ಈಗೀಗ ತರುಣರಲ್ಲಿ ಪ್ರಬಲವಾಗಿದೆ. ಉದ್ದ ಸ್ವಲ್ಪ ವ್ಯತ್ಯಾಸವಾದರೂ ಹ್ಯಾಂಡಲಿನ ಸ್ವಭಾವ ಬದಲಾಗುವುದು. ಆಕ್ಸಲು, ಬ್ರೇಕು, ಫೋರ್ಕನ್ನು ಹಿಡಿಯುವ ಕ್ಲಾಂಪುಗಳು ಎಲ್ಲವೂ ಹೊಸದಾಗಬೇಕಾದೀತು. ಅದಕ್ಕೆ ಸುರಿಯುವ ಹಣದಲ್ಲಿ ತಕ್ಕ ಸ್ಪ್ರಿಂಗು, ಎಣ್ಣೆ, ಸೀಲು, ಬುಷ್ ಎಲ್ಲವನ್ನೂ ಹಾಕಿಸಿದ ಮೇಲೂ ಒಂದು ಒಳ್ಳೆಯ ಟೈರಿಗೆ ಮಿಗುತ್ತದೆ.