ಕಾಂಕ್ರೀಟಿಗೆ ಹಾಕತಕ್ಕ ನೀರು: ಅದರ ಪ್ರಮಾಣ ಮತ್ತು ಗುಣ

ಕೊಟ್ಟಿಗೆಯ ನೆಲ, ಒಕ್ಕಣೆಯ ಕಣ, ನೀರಿನ ತೊಟ್ಟಿ, ಬಾವಿಯ ಕಟ್ಟೆ ಮೊದಲಾದವುಗಳಿಗೆ ರೈತರು ಈಗ ಸಿಮೆಂಟು ಕಾಂಕ್ರೀಟನ್ನೇ ಹೆಚ್ಚಾಗಿ ಉಪಯೋಗಿಸುತ್ತಿರುವರು. ಸಾಲಮಾಡಿ ಕಟ್ಟಿಸಿದ ತೊಟ್ಟಿಯು ಎರಡು ಮೂರು ಬೇಸಗೆಗಳಲ್ಲಿಯೇ ಬಿರುಕುಬಿಟ್ಟು ಸೋರತೊಡಗಿದರೆ, ಸಿಮೆಂಟು ಕಳಪೆಯೆಂದು ಅಂಗಡಿಯವನನ್ನು ದೂರುವುದು ವಾಡಿಕೆ. ಅನೇಕ ವೇಳೆ ತಪ್ಪು ಸಿಮೆಂಟಿನದಲ್ಲ, ಅದಕ್ಕೆ ಸುರಿದ ನೀರಿನದು. ಸಿಮೆಂಟು, ಮರಳು, ಜಲ್ಲಿಗಳನ್ನು ಅಳೆದು ಹಾಕುವ ನಾವು ನೀರನ್ನು ಮಾತ್ರ ಅಳೆಯುವುದಿಲ್ಲ.

ಸುಣ್ಣದ ಕಲ್ಲನ್ನೂ ಜೇಡಿಮಣ್ಣನ್ನೂ ಕೂಡಿಸಿ ಸುಮಾರು 1450 ಡಿಗ್ರಿ ಸೆಂಟಿಗ್ರೇಡು ಶಾಖದಲ್ಲಿ ಸುಟ್ಟು, ಸ್ವಲ್ಪ ಜಿಪ್ಸಮ್ಮನ್ನು ಸೇರಿಸಿ ಅರೆದ ಪುಡಿಯೇ ಸಿಮೆಂಟು. ಇದರಲ್ಲಿ ನೂರಕ್ಕೆ 60ರಿಂದ 67 ಪಾಲು ಸುಣ್ಣವೂ, 17ರಿಂದ 25 ಪಾಲು ಸಿಲಿಕವೂ, ಉಳಿದುದರಲ್ಲಿ ಅಲ್ಯುಮಿನ, ಕಬ್ಬಿಣದ ಆಕ್ಸೈಡು ಮೊದಲಾದವೂ ಇರುವುವು. ಇವು ನೀರಿನೊಡನೆ ರಾಸಾಯನಿಕ ಸಂಯೋಗ ಹೊಂದಿ, ಮರಳು ಜಲ್ಲಿಗಳನ್ನು ಬಂಧಿಸುವ ಹೊಸ ವಸ್ತುವಾಗಿ ಪರಿಣಮಿಸುವುವು. ಆದುದರಿಂದ ಸಿಮೆಂಟು ಗಟ್ಟಿಯಾಗುವುದು ಮಣ್ಣಿನ ಹಾಗೆ ಒಣಗಿ ಅಲ್ಲ, ನೀರನ್ನು ಕುಡಿದು.

ಆದರೆ ಅದು ಕುಡಿಯುವ ನೀರಿಗೆ ಮಿತಿಯುಂಟು. 50 ಕಿಲೋಗ್ರಾಮಿನ ಒಂದು ಚೀಲ ಸಿಮೆಂಟು ಪೂರ್ಣ ಸಂಯೋಗವಾಗಲು ಸುಮಾರು 20 ಲೀಟರು ನೀರು ಸಾಕು. ಕಲಸಿ ಹರಡುವ ಅನುಕೂಲಕ್ಕಾಗಿ ಇನ್ನೈದು ಲೀಟರನ್ನು ಕೂಡಿಸಬಹುದು. ಇದಕ್ಕೆ ಮೀರಿ ಹಾಕಿದುದೆಲ್ಲವೂ ಕಾಂಕ್ರೀಟಿನೊಳಗೆ ಸುಮ್ಮನೆ ನಿಂತಿದ್ದು, ಮುಂದೆ ಆವಿಯಾಗಿ ಹೋಗುವುದು. ಅದು ನಿಂತಿದ್ದ ಸ್ಥಳವು ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಾಗಿ ಉಳಿಯುವುದು. ಬಲ ಕುಗ್ಗುವುದೂ, ನೀರು ಸೋರುವುದೂ, ಉಪ್ಪು ಒಳಹೊಗುವುದೂ ಈ ರಂಧ್ರಗಳಿಂದಲೇ. ನೀರಿಗೂ ಸಿಮೆಂಟಿಗೂ ಇರುವ ಪ್ರಮಾಣವೇ ಕಾಂಕ್ರೀಟಿನ ಬಲವನ್ನು ಮುಖ್ಯವಾಗಿ ನಿರ್ಣಯಿಸುವುದೆಂದು 1918ರಲ್ಲಿ ಅಮೆರಿಕದ ಡಫ್ ಏಬ್ರಮ್ಸ್ ಎಂಬವರು ಪ್ರಯೋಗಗಳಿಂದ ತೋರಿಸಿದರು. ಚೀಲಕ್ಕೆ 25 ಲೀಟರಿಗೆ ಬದಲಾಗಿ 35 ಲೀಟರು ಸುರಿದರೆ ಬಲದಲ್ಲಿ ಮೂರರಲ್ಲೊಂದು ಪಾಲಾದರೂ ನಷ್ಟವಾಗುವುದು. ಹಣ ಕೊಟ್ಟು ತಂದ ಸಿಮೆಂಟಿನ ಅಷ್ಟು ಪಾಲನ್ನು ಚರಂಡಿಗೆ ಚೆಲ್ಲಿದಂತೆಯೇ ಸರಿ.

ನೀರಾಗಿರುವ ಕಾಂಕ್ರೀಟು ಕೆಲಸಗಾರನ ಕೈಗೆ ಹಗುರ. ಅವನು ಇನ್ನೊಂದು ಕೊಡ ಸುರಿಯಿರೆನ್ನುವುದು ಸಹಜ. ಯಜಮಾನನು ಅಲ್ಲಿ ನಿಂತಿದ್ದು ಬೇಡವೆನ್ನತಕ್ಕದ್ದು. ಹದ ಸಾಲದಿದ್ದರೆ ಸಿಮೆಂಟನ್ನೂ ನೀರನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕೇ ಹೊರತು ಬರಿಯ ನೀರನ್ನಲ್ಲ. ಮರಳು ಒದ್ದೆಯಾಗಿದ್ದರೆ ಅದರಲ್ಲಿಯೂ ನೀರುಂಟು. ನೂರು ಕಿಲೋಗ್ರಾಮು ಒದ್ದೆ ಮರಳಿನಲ್ಲಿ ಐದು ಲೀಟರು ಇರುವುದು ಅಪರೂಪವಲ್ಲ. ಅದನ್ನು ಲೆಕ್ಕದಿಂದ ಕಳೆಯತಕ್ಕದ್ದು.

ಇನ್ನು ನೀರಿನ ಗುಣ. ಕುಡಿಯಲು ಯೋಗ್ಯವಾದ ನೀರು ಸಾಮಾನ್ಯವಾಗಿ ಕಾಂಕ್ರೀಟಿಗೂ ಯೋಗ್ಯ. ಉಪ್ಪುನೀರಿನ ಬಾವಿಯಿಂದ ಕಲಸಿದರೆ ಅದರ ಕ್ಲೋರೈಡುಗಳು ಒಳಗಿನ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುವುವು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುವುದು.

ಸಕ್ಕರೆಯ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಹಿಂದಿನವರು ಸುಣ್ಣದ ಗಾರೆಗೆ ಬೆಲ್ಲದ ನೀರನ್ನು ಬೆರಸುತ್ತಿದ್ದುದುಂಟು. ಸುಣ್ಣದ ಕೆಲಸವನ್ನು ಕೀಳೆಂದೆಣಿಸಬೇಕಾಗಿಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯೇ ಸುಣ್ಣ ಸುರ್ಕಿಗಳ ಗಾರೆಯಿಂದ ಕಟ್ಟಲ್ಪಟ್ಟುದು. ಆದರೆ ಬೆಲ್ಲದ ನೀರಿನ ಪದ್ಧತಿಯನ್ನು ಸಿಮೆಂಟಿಗೆ ಅನ್ವಯಿಸಕೂಡದು. ಸಿಮೆಂಟಿನ ತೂಕದಲ್ಲಿ ಸಾವಿರಕ್ಕೆ ಅರ್ಧ ಪಾಲು ಸಕ್ಕರೆಯು ಸೇರಿದರೂ ಅದು ಬಿಗಿಯುವುದು ಹಲವು ಗಂಟೆ ತಡವಾಗುವುದು. ಸಾವಿರಕ್ಕೆ ಎರಡರಿಂದ ಹತ್ತು ಪಾಲಾದರೆ ಬಿಗಿಯದೆಯೇ ಹೋಗಬಹುದು. ಚೀಲವೊಂದಕ್ಕೆ ನೂರು ಗ್ರಾಮು ಸಾಕೆಂದಾಯಿತು! ಆದುದರಿಂದ ಆಲೆಮನೆಯ ಕೊಪ್ಪರಿಗೆಯನ್ನಾಗಲಿ, ಕಬ್ಬಿನಹಾಲು ತುಂಬಿದ ಪಾತ್ರೆಯನ್ನಾಗಲಿ ಕಾಂಕ್ರೀಟಿನ ನೀರಿಗೆ ಉಪಯೋಗಿಸಬಾರದು.

ನೆಲದ ಗುಣವನ್ನೂ ನೋಡತಕ್ಕದ್ದು. ಚೌಳು ನೆಲದಲ್ಲಿ ಸಲ್ಫೇಟು ಲವಣಗಳು ಹೆಚ್ಚಾಗಿರಬಹುದು. ಇವು ಸಿಮೆಂಟಿನ ಅಲ್ಯುಮಿನ ಸಂಯುಕ್ತದೊಡನೆ ಕೂಡಿ, ಗಾತ್ರದಲ್ಲಿ ಹೆಚ್ಚಾದ ಹೊಸ ಲವಣವಾಗಿ, ಕಾಂಕ್ರೀಟನ್ನು ಉಬ್ಬಿಸಿ ಒಡೆಯುವುವು. ಅಂತಹ ಸ್ಥಳದಲ್ಲಿ ಅಡಿಪಾಯ ಹಾಕುವುದಕ್ಕೆ ಮುಂಚೆ ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಿ, ಅಲ್ಯುಮಿನ ಸಂಯುಕ್ತವು ಕಡಿಮೆಯಿರುವ ಸಲ್ಫೇಟು ನಿರೋಧಕ ಸಿಮೆಂಟನ್ನು ತರುವುದು ಲೇಸು. ಆ ಸಿಮೆಂಟು ತಂದರೂ ನೀರನ್ನು ಮಿತಿಮೀರಿ ಹಾಕಿದರೆ ಪ್ರಯೋಜನವಿಲ್ಲ.

ಕಲಸುವಾಗ ಮಿತಿಯಲ್ಲಿರಬೇಕಾದ ನೀರು, ಬಿಗಿದ ಮೇಲೆ ಧಾರಾಳವಾಗಿ ಬೇಕು. ಒದ್ದೆ ಗೋಣಿ ಅಥವಾ ಹುಲ್ಲನ್ನು ಹೊದಿಸಿ ಏಳು ದಿನಗಳಿಗೆ ಕಡಿಮೆಯಿಲ್ಲದಂತೆ, ಬಿಸಿಲು ಗಾಳಿಗಳ ಕಾಲದಲ್ಲಿ ಹತ್ತು ದಿನಗಳವರೆಗೆ, ಆರದಂತೆ ನೋಡಿಕೊಳ್ಳತಕ್ಕದ್ದು.

ಕಟ್ಟಿದ ಮೇಲೂ ಕೆಲವು ಶತ್ರುಗಳುಂಟು. ರಸಮೇವಿನ ಗುಂಡಿಯಲ್ಲಿ ಉಂಟಾಗುವ ಆಮ್ಲಗಳು ಮೇಲ್ಮೈಯನ್ನು ತಿನ್ನುವುವು. ಅಮೋನಿಯಂ ಸಲ್ಫೇಟು ಗೊಬ್ಬರವು ಇನ್ನೂ ಕೆಟ್ಟದು. ಅದರ ಚೀಲಗಳನ್ನು ಕಾಂಕ್ರೀಟು ನೆಲದ ಮೇಲೆ ನೇರವಾಗಿ ಇಡದೆ, ಹಲಗೆಗಳ ಮೇಲೆ ಪೇರಿಸಿ, ಚೆಲ್ಲಿದುದನ್ನು ಒದ್ದೆಯಾಗುವ ಮೊದಲೇ ಗುಡಿಸಿ ತೆಗೆಯತಕ್ಕದ್ದು.