ಇರಾನೀ ನುಡಿಗಳನ್ನಾಡುವ ಜನರು: ಮೂಲ ಮತ್ತು ವೈವಿಧ್ಯ

ಪ್ರಾಚೀನ ಭಾರತದ ಇತಿಹಾಸವನ್ನು ಬೋಧಿಸುವವರಿಗೆ ಇರಾನಿನ ಹೆಸರು ಹೊಸದಲ್ಲ. ಡೇರಿಯಸ್ಸನ ಸಿಂಧೂ ಪ್ರಾಂತ, ಶಕ-ಪಹ್ಲವರ ಆಗಮನ, ಕುಷಾಣರ ಸಾಮ್ರಾಜ್ಯ, ಪಾರ್ಸಿಗಳ ವಲಸೆ, ಬಹಮನೀ ಆಸ್ಥಾನದ ಪಾರಸಿ ಭಾಷೆ, ಹೀಗೆ ಪಠ್ಯಕ್ರಮದ ಹಲವು ಅಧ್ಯಾಯಗಳಲ್ಲಿ ಆ ಹೆಸರು ಸುಳಿಯುತ್ತದೆ. ಆದರೆ ಈ ಅಧ್ಯಾಯಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವ ಅವಕಾಶ ವಿದ್ಯಾರ್ಥಿಗಳಿಗೆ ದೊರೆಯುವುದು ಕಡಮೆ. ಅದರ ಫಲವಾಗಿ, ಇರಾನೀ ಎಂದರೆ ಇರಾನ್ ದೇಶದವರು, ಅವರೆಲ್ಲರೂ ಪಾರಸಿಯನ್ನಾಡುವವರು, ಅವರೆಲ್ಲರೂ ಒಂದೇ ಆರ್ಯರಕ್ತದವರು ಎಂಬ ಮೂರು ತಪ್ಪು ತಿಳಿವಳಿಕೆಗಳು ಉತ್ತರಪತ್ರಿಕೆಗಳಲ್ಲಿ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಈ ಮೂರನ್ನೂ ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಪದದ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು. ‘ಇರಾನೀ’ ಎಂಬುದು ಇಲ್ಲಿ ಒಂದು ಭಾಷಾವರ್ಗದ ಹೆಸರು. ಇಂಡೋ-ಯೂರೋಪಿಯನ್ ಪರಿವಾರದ ಇಂಡೋ-ಇರಾನೀ ಶಾಖೆಯು ಕವಲೊಡೆದಾಗ ಒಂದು ಕವಲಿನಿಂದ ವೈದಿಕ ಸಂಸ್ಕೃತವೂ ಪ್ರಾಕೃತಾದಿಗಳೂ, ಮತ್ತೊಂದರಿಂದ ಅವೆಸ್ತಾದ ಭಾಷೆ, ಪ್ರಾಚೀನ ಪಾರಸಿ ಮೊದಲಾದುವೂ ಬೆಳೆದುಬಂದುವು. ಇಂದು ಪಾರಸಿ, ಪಶ್ತೊ, ಕುರ್ದಿ, ಬಲೂಚಿ, ಒಸ್ಸೇತಿ ಮೊದಲಾದ ಹತ್ತಾರು ನುಡಿಗಳು ಈ ಎರಡನೆಯ ಕವಲಿಗೆ ಸೇರಿವೆ. ಇವುಗಳನ್ನಾಡುವವರ ಸಂಖ್ಯೆ ೧೫ ಕೋಟಿಯನ್ನು ಮೀರುವುದೆಂದು ಅಂದಾಜು. ಈ ಜನರು ತುರ್ಕಿಯಿಂದ ಪಾಕಿಸ್ತಾನದವರೆಗೆ, ಕಾಕಸಸ್ ಪರ್ವತಗಳಿಂದ ಪಾಮೀರ್ ಪ್ರಸ್ಥಭೂಮಿಯವರೆಗೆ ಹರಡಿದ್ದಾರೆ. ಅದೇ ವೇಳೆಗೆ ಇರಾನ್ ದೇಶದ ಒಳಗೇ ತುರ್ಕಿ ವರ್ಗದ ಅಜರ್ಬೈಜಾನಿಯನ್ನೂ ಅರಬ್ಬಿಯನ್ನೂ ಆಡುವವರು ಅನೇಕರಿದ್ದಾರೆ. ಆದುದರಿಂದ ರಾಜ್ಯದ ಗಡಿಯೂ ಭಾಷೆಯ ಎಲ್ಲೆಯೂ ಒಂದೇ ಅಲ್ಲ.

ಈ ಭಾಷಾ ಬಾಂಧವ್ಯಕ್ಕೆ ಪ್ರಮಾಣವಾವುದು? ಶಬ್ದಗಳ ಆಕಸ್ಮಿಕ ಹೋಲಿಕೆಯಲ್ಲ. ಧ್ವನಿಗಳ ಕ್ರಮಬದ್ಧ ವ್ಯತ್ಯಾಸ. ಹಳಗನ್ನಡದ ‘ಪಾಲ್’, ‘ಪುಲಿ’, ‘ಪೂ’ ಎಂಬುವು ಹೊಸಗನ್ನಡದಲ್ಲಿ ‘ಹಾಲು’, ‘ಹುಲಿ’, ‘ಹೂ’ ಆದುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅಂತೆಯೇ ಸಂಸ್ಕೃತದ ಸಕಾರವಿರುವ ಅನೇಕ ಎಡೆಗಳಲ್ಲಿ ಇರಾನೀ ಭಾಷೆಗಳು ಹಕಾರವನ್ನು ತೋರಿಸುತ್ತವೆ. ‘ಸಪ್ತ’ಕ್ಕೆ ಅವೆಸ್ತಾದಲ್ಲಿ ‘ಹಪ್ತ’, ‘ಸೋಮ’ಕ್ಕೆ ‘ಹಓಮ’, ‘ಅಸುರ’ಕ್ಕೆ ‘ಅಹುರ’. ‘ಸಿಂಧು’ ಎಂಬುದು ‘ಹಿಂದು’ ಆದುದೂ ಇದೇ ನಿಯಮದಿಂದ. ಇರಾನೀ ಭಾಷೆಗಳಲ್ಲಿ ತಮ್ಮತಮ್ಮೊಳಗೂ ಇಂತಹ ಭೇದಗಳುಂಟು. ಸಂಸ್ಕೃತದ ‘ಹಸ್ತ’ವು ಅವೆಸ್ತಾದಲ್ಲಿ ‘ಜಸ್ತ’ವೆಂದೂ ಪ್ರಾಚೀನ ಪಾರಸಿಯಲ್ಲಿ ‘ದಸ್ತ’ವೆಂದೂ ಇರುವುದು. ನಮ್ಮ ಕಚೇರಿಗಳ ‘ದಸ್ತಾವೇಜು’ ಎಂಬ ಮಾತಿನ ಮೊದಲ ಭಾಗ ಈ ‘ದಸ್ತ’ವೇ. ಹೀಗೆ ‘ಹಸ್ತಾಕ್ಷರ’ವನ್ನೂ ‘ದಸ್ತಾವೇಜ’ನ್ನೂ ಒಟ್ಟಿಗೆ ಬಳಸುವ ಕನ್ನಡಿಗನು ಒಂದೇ ಮೂಲಪದದ ಎರಡು ಕವಲುಗಳನ್ನು ಅರಿಯದೆಯೇ ಆಡುತ್ತಿರುವನು.

ಇನ್ನು ಮೂಲಸ್ಥಾನದ ಪ್ರಶ್ನೆ. ಉರಾಲ್ ಪರ್ವತಗಳ ಆಗ್ನೇಯಕ್ಕೆ ಸಿಂತಷ್ತಾ ಎಂದು ಕರೆಯಲಾಗುವ ಸಂಸ್ಕೃತಿಯ ಅವಶೇಷಗಳು ದೊರೆತಿವೆ. ಇದರ ಕಾಲ ಸುಮಾರು ಕ್ರಿ. ಪೂ. ೨೧೦೦ರಿಂದ ೧೮೦೦. ಅಲ್ಲಿನ ಸಮಾಧಿಗಳಲ್ಲಿ ಕುದುರೆಗಳೊಡನೆ ಅರೆಕಾಲಿನ ಚಕ್ರಗಳುಳ್ಳ ರಥಗಳ ಗುರುತುಗಳು ಕಂಡುಬಂದಿವೆ. ಇದರ ಬೆನ್ನಿಗೆ ಬಂದ ಆಂದ್ರೊನೊವೊ ಸಂಸ್ಕೃತಿಯು ಈಗಿನ ಕಜಾಕಸ್ತಾನದ ಹುಲ್ಲುಗಾವಲುಗಳ ಮೂಲಕ ಮಧ್ಯ ಏಷ್ಯದವರೆಗೆ ಹಬ್ಬಿತು. ಇಂಡೋ-ಇರಾನೀ ಭಾಷೆಯನ್ನಾಡಿದವರು ಇವರೇ ಇರಬೇಕೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ೨೦೧೯ರಲ್ಲಿ ಪ್ರಕಟವಾದ ಪ್ರಾಚೀನ ಡಿ.ಎನ್.ಎ. ಅಧ್ಯಯನವು ಕ್ರಿ. ಪೂ. ಎರಡನೆಯ ಸಹಸ್ರಮಾನದಲ್ಲಿ ಹುಲ್ಲುಗಾವಲಿನ ಜನರ ವಂಶಾಂಶವು ದಕ್ಷಿಣಾಭಿಮುಖವಾಗಿ ಹರಿದುದನ್ನು ತೋರಿಸಿ ಈ ಅಭಿಪ್ರಾಯಕ್ಕೆ ಬಲಕೊಟ್ಟಿದೆ. ಆದರೂ ಅಸ್ಥಿಗಳು ಮಾತನಾಡಲಾರವು ಎಂಬುದನ್ನು ಮರೆಯಬಾರದು. ಮೇಲಾಗಿ, ಬಂದವರು ಬರಿಯ ನೆಲಕ್ಕೆ ಬರಲಿಲ್ಲ. ಆಮೂ ನದಿಯ ತೀರದಲ್ಲಿ ಕೃಷಿಯನ್ನವಲಂಬಿಸಿದ ಪಟ್ಟಣಗಳಿದ್ದುವು. ಇರಾನಿನ ನೈಋತ್ಯದಲ್ಲಿ ಏಲಮೀಯರು ಬೇರೊಂದು ಭಾಷೆಯನ್ನಾಡುತ್ತ ಬಹುಕಾಲದಿಂದ ರಾಜ್ಯವಾಳುತ್ತಿದ್ದರು. ಬಂದವರ ನುಡಿ ನಿಂತಿತು. ಆದರೆ ಅದನ್ನಾಡಿದ ಸಂತತಿಯಲ್ಲಿ ಮೊದಲಿನಿಂದ ಇದ್ದವರ ಪಾಲೂ ಸೇರಿತು.

ಲಿಖಿತ ಆಧಾರಗಳಲ್ಲಿ ಮೀಡರ ಮತ್ತು ಪಾರ್ಸುವಾ ನಾಡಿನ ಹೆಸರುಗಳು ಕ್ರಿ. ಪೂ. ೯ನೆಯ ಶತಮಾನದ ಅಸ್ಸೀರಿಯದ ಶಾಸನಗಳಲ್ಲಿ ಮೊದಲು ಕಾಣಿಸುತ್ತವೆ. ಸುಮಾರು ಕ್ರಿ. ಪೂ. ೫೨೦ರಲ್ಲಿ ಒಂದನೆಯ ಡೇರಿಯಸ್ಸನು ಬಿಸುತೂನಿನ ಬಂಡೆಯ ಮೇಲೆ ಕೆತ್ತಿಸಿದ ಶಾಸನವು ಪ್ರಾಚೀನ ಪಾರಸಿ, ಏಲಮೀ, ಬಾಬಿಲೋನೀ ಎಂಬ ಮೂರು ಭಾಷೆಗಳಲ್ಲಿದೆ. ಇರಾನಿನ ಮಹಾಸಾಮ್ರಾಜ್ಯವು ತನ್ನ ಮೊದಲ ದೊಡ್ಡ ಘೋಷಣೆಯಲ್ಲಿಯೇ ಬಹುಭಾಷಿಕವಾಗಿತ್ತೆಂಬುದು ಗಮನಾರ್ಹ.

ಸಾಮ್ರಾಜ್ಯದ ಉತ್ತರಕ್ಕೆ, ಬಹುಮಟ್ಟಿಗೆ ಅದರ ಆಳ್ವಿಕೆಗೆ ಸಿಲುಕದೆ, ಕಪ್ಪು ಸಮುದ್ರದಿಂದ ಮಧ್ಯ ಏಷ್ಯದವರೆಗೆ ಅಶ್ವಾರೋಹಿ ಪಶುಪಾಲಕರು ಹಬ್ಬಿದ್ದರು. ಗ್ರೀಕರು ಇವರನ್ನು ಸ್ಕಿಥಿಯನರೆಂದೂ ಪಾರಸಿಕರು ಶಕರೆಂದೂ ಕರೆದರು. ಇವರ ಬಂಧುಗಳಾದ ಅಲಾನರಲ್ಲಿ ಒಂದು ಪಂಗಡವು ಕ್ರಿ. ಶ. ೫ನೆಯ ಶತಮಾನದ ಆರಂಭದಲ್ಲಿ ವ್ಯಾಂಡಲರೊಡನೆ ಸ್ಪೇನನ್ನು ತಲುಪಿ, ಅಲ್ಲಿಂದ ಉತ್ತರ ಆಫ್ರಿಕಕ್ಕೆ ದಾಟಿ, ಅಲ್ಲಿಯ ಜನರಲ್ಲಿ ಕರಗಿಹೋಯಿತು. ಕಾಕಸಸ್ಸಿನಲ್ಲಿ ಉಳಿದವರ ನುಡಿ ಇಂದಿನ ಒಸ್ಸೇತಿ. ಅದನ್ನಾಡುವವರಲ್ಲಿ ಹೆಚ್ಚಿನವರು ಕ್ರೈಸ್ತರು. ‘ಡಾನ್’ ನದಿಯ ಹೆಸರಿನ ಅರ್ಥವನ್ನು ಒಸ್ಸೇತಿಯಲ್ಲಿ ಇಂದಿಗೂ ಕೇಳಬಹುದು. ಆ ನುಡಿಯಲ್ಲಿ ‘ದೊನ್’ ಎಂದರೆ ನೀರು, ನದಿ.

ಶಕರ ಕಥೆ ನಮಗೆ ಇನ್ನೂ ಸಮೀಪದ್ದು. ಪಶ್ಚಿಮ ಭಾರತದಲ್ಲಿ ಆಳಿದ ಶಕ ಕ್ಷತ್ರಪರಲ್ಲಿ ರುದ್ರದಾಮನನು ಸುಮಾರು ಕ್ರಿ. ಶ. ೧೫೦ರಲ್ಲಿ ಜುನಾಗಢದಲ್ಲಿ ಬರೆಯಿಸಿದ ಶಾಸನವು ಸಂಸ್ಕೃತ ಗದ್ಯದ ಮೊದಲ ದೀರ್ಘ ಶಾಸನಗಳಲ್ಲೊಂದು. ಅವರು ಬಳಸಿದ ಗಣನೆ ದಕ್ಷಿಣಕ್ಕೂ ಬಂದಿತು. ಚಾಲುಕ್ಯ ಒಂದನೆಯ ಪುಲಿಕೇಶಿಯ ಬಾದಾಮಿ ಶಾಸನದ ಕಾಲ ಶಕವರ್ಷ ೪೬೫, ಎಂದರೆ ಕ್ರಿ. ಶ. ೫೪೩. ಕನ್ನಡ ನಾಡಿನ ಶಾಸನಗಳನ್ನೋದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಹೀಗೆ ಇರಾನೀ ನುಡಿಯ ಒಂದು ಜನದ ಹೆಸರನ್ನು ಅನುದಿನವೂ ಉಚ್ಚರಿಸುತ್ತಾನೆ. ಇತ್ತ ಭಾರತಕ್ಕೆ ಬಂದ ಶಕರು ಸಂಸ್ಕೃತ ಪ್ರಾಕೃತಗಳನ್ನು ಸ್ವೀಕರಿಸಿದರೆ, ಅತ್ತ ತಾರೀಮ್ ಕೊಳ್ಳದ ಖೋತಾನದಲ್ಲಿ ಅವರ ಬಂಧುಗಳು ತಮ್ಮ ನುಡಿಯನ್ನೇ ಉಳಿಸಿಕೊಂಡು, ಬ್ರಾಹ್ಮೀ ಲಿಪಿಯಲ್ಲಿ ಬೌದ್ಧ ಗ್ರಂಥಗಳನ್ನು ಬರೆದರು.

ಕುಷಾಣರು ಬಾಕ್ಟ್ರಿಯದ ಇರಾನೀ ಭಾಷೆಯನ್ನು ಗ್ರೀಕ್ ಲಿಪಿಯಲ್ಲಿ ಬರೆಯಿಸಿದರು. ೧೯೯೩ರಲ್ಲಿ ಆಫ್ಘಾನಿಸ್ತಾನದ ರಬಾತಕ್ ಎಂಬಲ್ಲಿ ದೊರೆತ ಕನಿಷ್ಕನ ಶಾಸನದಲ್ಲಿ ಆ ಭಾಷೆಗೆ ‘ಆರ್ಯ’ ಎಂಬ ಹೆಸರಿದೆ. ಸಮರ್ಕಂದದ ಸೊಗ್ದ ವರ್ತಕರ ನುಡಿ ರೇಷ್ಮೆಯ ದಾರಿಯುದ್ದಕ್ಕೂ ವ್ಯವಹಾರ ಭಾಷೆಯಾಗಿತ್ತು. ೧೯೦೭ರಲ್ಲಿ ಆರೆಲ್ ಸ್ಟೈನನಿಗೆ ದುನ್‌ಹುವಾಂಗಿನ ಬಳಿಯ ಕಾವಲುಗೋಪುರವೊಂದರಲ್ಲಿ ದೊರೆತ ಅವರ ಪತ್ರಗಳು ಕ್ರಿ. ಶ. ೪ನೆಯ ಶತಮಾನದ ಆದಿಭಾಗದವು. ಒಂದು ಕಾಲಕ್ಕೆ ಚೀನದವರೆಗೆ ಕೇಳಿಬರುತ್ತಿದ್ದ ಆ ನುಡಿಯ ಸಂತತಿಯಾಗಿ ಇಂದು ಉಳಿದಿರುವುದು ತಾಜಿಕಿಸ್ತಾನದ ಯಗ್ನೋಬಿ ಒಂದೇ.

ಇಂದಿನ ಭಾಷೆಗಳನ್ನು ಪೂರ್ವ, ಪಶ್ಚಿಮ ಎಂದು ವಿಭಾಗಿಸುವುದು ವಾಡಿಕೆ. ಈ ಹೆಸರುಗಳು ಭಾಷೆಗಳ ಪ್ರಾಚೀನ ಲಕ್ಷಣಗಳನ್ನು ಸೂಚಿಸುತ್ತವೆಯೇ ಹೊರತು ಇಂದಿನ ಭೂಪಟವನ್ನಲ್ಲ. ಕಾಕಸಸ್ಸಿನ ಒಸ್ಸೇತಿ ‘ಪೂರ್ವ’ ವರ್ಗದ್ದು. ಪಾಕಿಸ್ತಾನದಲ್ಲಿ ಹೆಚ್ಚಾಗಿ ಕೇಳಿಬರುವ ಬಲೂಚಿ ‘ಪಶ್ಚಿಮ’ ವರ್ಗದ್ದು, ಕುರ್ದಿಗೆ ಹತ್ತಿರದ್ದು. ಜನರು ಎಷ್ಟು ದೂರ ಸಂಚರಿಸಿದರೆಂಬುದಕ್ಕೆ ಈ ವೈಚಿತ್ರ್ಯವೇ ಸಾಕ್ಷಿ. ಬಲೂಚಿಯ ನೆರೆಯಲ್ಲಿಯೇ ಕನ್ನಡದ ದೂರದ ಬಂಧುವಾದ ದ್ರಾವಿಡ ಭಾಷೆ ಬ್ರಾಹೂಯಿ ಇದೆ. ಅಲ್ಲಿ ಎರಡು ನುಡಿಗಳನ್ನೂ ಆಡುವವರು ಅನೇಕರು. ಬ್ರಾಹೂಯಿ ಪಂಗಡದವರೆನಿಸಿದರೂ ಬಲೂಚಿಯನ್ನೇ ಆಡುವವರೂ ಉಂಟು. ಪಾರಸಿಯಾದರೋ ಒಂದೇ ಭಾಷೆಯಾಗಿದ್ದು, ಇರಾನಿನಲ್ಲಿ ಫಾರ್ಸಿ, ಆಫ್ಘಾನಿಸ್ತಾನದಲ್ಲಿ ದರಿ, ತಾಜಿಕಿಸ್ತಾನದಲ್ಲಿ ತಾಜಿಕ್ ಎಂಬ ಮೂರು ಹೆಸರುಗಳನ್ನು ಪಡೆದಿದೆ. ಮೂರನೆಯದಕ್ಕೆ ಸಿರಿಲಿಕ್ ಲಿಪಿ. ೧೪೭೨ರಲ್ಲಿ ಬೀದರಿನ ಮದರಸವನ್ನು ಕಟ್ಟಿಸಿದ ಮಹಮೂದ್ ಗಾವಾನನು ಪಾರಸಿಯಲ್ಲಿ ಪತ್ರಗಳನ್ನು ಬರೆದು ಪ್ರಸಿದ್ಧನಾದನು. ಆದರೆ ಅವನು ಹುಟ್ಟಿದ ಗೀಲಾನಿನಲ್ಲಿ ಗೀಲಕಿ ಎಂಬ ಬೇರೊಂದು ಇರಾನೀ ನುಡಿ ಇಂದಿಗೂ ಬಳಕೆಯಲ್ಲಿದೆ.

ಮತವೂ ಭಾಷೆಯ ಜೊತೆಯಲ್ಲಿಯೇ ನಡೆಯುವುದಿಲ್ಲ. ನಮ್ಮ ಪಾರ್ಸಿಗಳು ಜರತುಷ್ಟ್ರನ ಮತವನ್ನು ಕಾಪಾಡಿಕೊಂಡು ಗುಜರಾತಿಯನ್ನು ಮನೆಮಾತಾಗಿ ಮಾಡಿಕೊಂಡರು. ಒಸ್ಸೇತರು ಇರಾನೀ ನುಡಿಯನ್ನು ಕಾಪಾಡಿಕೊಂಡು ಮತವನ್ನು ಬದಲಿಸಿದರು. ಕಾಕಸಸ್ಸಿನ ಬೆಟ್ಟದ ಯೆಹೂದ್ಯರ ಮನೆಮಾತು ಪಾರಸಿಗೆ ಹತ್ತಿರದ ತಾತಿ. ಭಾಷೆ, ವಂಶ, ಮತ, ರಾಜ್ಯ ಎಂಬ ನಾಲ್ಕೂ ಬೇರೆಬೇರೆ ದಾರಿಗಳಲ್ಲಿ ಸಂಚರಿಸುತ್ತವೆ. ಕೆಲವೊಮ್ಮೆ ಕೂಡುತ್ತವೆ, ಮತ್ತೆ ಅಗಲುತ್ತವೆ.

ಇದನ್ನು ಮರೆತುದರ ಪರಿಣಾಮಗಳು ಘೋರವಾಗಿವೆ. ‘ಆರ್ಯ’ ಎಂಬುದನ್ನು ಪ್ರಾಚೀನರು ತಮ್ಮ ಜನಕ್ಕೂ ನುಡಿಗೂ ಹೆಸರಾಗಿ ಬಳಸಿದರು. ‘ಇರಾನ್’ ಎಂಬ ನಾಡಿನ ಹೆಸರು ಹುಟ್ಟಿದುದೂ ಅದರಿಂದಲೇ. ತಲೆಬುರುಡೆಯನ್ನಳೆದು ನಿರ್ಣಯಿಸುವ ‘ಆರ್ಯ ಕುಲ’ವು ೧೯ನೆಯ ಶತಮಾನದ ಯೂರೋಪಿನ ಕಲ್ಪನೆ. ಆ ಕಲ್ಪನೆಯು ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದಾಗ ಲಕ್ಷಾಂತರ ಯೆಹೂದ್ಯರ ಹತ್ಯೆಗೆ ನೆಪವಾಯಿತು. ಆ ಆರ್ಯರ ನುಡಿವರ್ಗಕ್ಕೇ ನಿಜವಾಗಿ ಸೇರಿದ ರೋಮಾ ಜನರನ್ನೂ ಆ ಆಳ್ವಿಕೆಯು ಕೊಲ್ಲಿಸಿತು. ಅವರದು ಭಾರತದಿಂದ ಹೋದ ಇಂಡೋ-ಆರ್ಯ ಭಾಷೆ. ಒಂದು ರಾಜ್ಯಕ್ಕೆ ಒಂದೇ ನುಡಿ ಎಂಬ ಹಟದಿಂದಲೂ ಕೇಡಾಗಿದೆ. ತುರ್ಕಿಯಲ್ಲಿ ೧೯೮೩ರ ಕಾನೂನು ಕುರ್ದಿಯಲ್ಲಿ ಪ್ರಕಟಿಸುವುದನ್ನು ನಿಷೇಧಿಸಿತ್ತು; ಅದು ರದ್ದಾದುದು ೧೯೯೧ರಲ್ಲಿ. ಇರಾಕಿನ ೨೦೦೫ರ ಸಂವಿಧಾನವು ಅದೇ ಕುರ್ದಿಯನ್ನು ಅರಬ್ಬಿಯೊಡನೆ ಅಧಿಕೃತ ಭಾಷೆಯಾಗಿ ಅಂಗೀಕರಿಸಿತು. ೧೯೭೦ರಲ್ಲಿ ಸೋವಿಯತ್ ಆಡಳಿತವು ಯಗ್ನೋಬಿಗಳನ್ನು ಅವರ ಕಣಿವೆಯಿಂದ ಬಲವಂತವಾಗಿ ಎಬ್ಬಿಸಿ ಹತ್ತಿಯ ಬಯಲಿಗೆ ಸಾಗಿಸಿತು. ಮುಂದೆ ಕೆಲವು ಕುಟುಂಬಗಳು ಹಿಂದಿರುಗಿದುವು. ಸಮರ್ಕಂದದ ವರ್ತಕರ ನುಡಿಯ ಕೊನೆಯ ಕುಡಿ ಇಂದು ಕೆಲವೇ ಸಾವಿರ ಜನರ ಬಾಯಲ್ಲಿದೆ.

ಆದುದರಿಂದ ತರಗತಿಯಲ್ಲಿ ‘ಇರಾನೀಯರು’ ಎಂಬ ಮಾತು ಬಂದಾಗಲೆಲ್ಲ ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು: ಇಲ್ಲಿ ಹೇಳುತ್ತಿರುವುದು ನುಡಿಯನ್ನೋ, ವಂಶವನ್ನೋ, ಮತವನ್ನೋ, ರಾಜ್ಯವನ್ನೋ? ಈ ಒಂದು ಪ್ರಶ್ನೆಯನ್ನು ಕೇಳಲು ಕಲಿತ ವಿದ್ಯಾರ್ಥಿಯು ಶಕರನ್ನೂ ಪಾರ್ಸಿಗಳನ್ನೂ ಮಾತ್ರವಲ್ಲ, ‘ದ್ರಾವಿಡ’, ‘ಆರ್ಯ’ ಎಂಬ ಹೆಸರುಗಳು ನಮ್ಮಲ್ಲಿಯೇ ಎಬ್ಬಿಸುವ ವಾದಗಳನ್ನೂ ಸಮಚಿತ್ತದಿಂದ ಪರಿಶೀಲಿಸಬಲ್ಲನು.