ಗರ್ಭಿಣಿಯರ ಬುಲೆಟಿನ್ ಯಾಕಿಲ್ಲ?

(ಜುಲೈ 2021)



ದಿನಾ ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ಬರುತ್ತೆ. ಹೊಸ ಕೇಸ್ ಎಷ್ಟು, ಗುಣಮುಖರಾದವರು ಎಷ್ಟು, ಸಾವು ಎಷ್ಟು, ಎಲ್ಲಾ ಜಿಲ್ಲಾವಾರು. ಬಂದ ಐದೇ ನಿಮಿಷಕ್ಕೆ ನಮ್ಮ ಸ್ಕ್ರೀನ್ ತುಂಬಾ ಕೆಂಪು ಅಂಕಿಗಳು. ಒಂದೂಕಾಲು ವರ್ಷದಿಂದ ನಾನು ಅದನ್ನು ಓದ್ತಾನೇ ಇದ್ದೀನಿ. ಆದರೆ ಒಂದು ಅಂಕಿಯನ್ನು ಮಾತ್ರ ಒಂದು ದಿನವೂ ಓದಿಲ್ಲ. ಈ ವಾರ ತಪಾಸಣೆಗೆ ಬರಬೇಕಿದ್ದ ಗರ್ಭಿಣಿಯರಲ್ಲಿ ಎಷ್ಟು ಜನ ಬಂದರು? ಎಷ್ಟು ಜನ ಬರಲಿಲ್ಲ?

ರಾಮನಗರವನ್ನೇ ತಗೊಳ್ಳಿ. 2020ರ ಏಪ್ರಿಲ್‌ನಲ್ಲಿ ಅದು ಹಸಿರು ವಲಯ. ಬೆಂಗಳೂರಿನ ಪಾದರಾಯನಪುರ ಪ್ರಕರಣದ ಆರೋಪಿಗಳನ್ನು ರಾಮನಗರ ಜೈಲಿಗೆ ತಂದರು. ಅವರಲ್ಲಿ ಕೆಲವರಿಗೆ ಪಾಸಿಟಿವ್ ಬಂತು, ಮತ್ತೆ ಬೆಂಗಳೂರಿನ ಹಜ್ ಭವನಕ್ಕೆ ಸಾಗಿಸಿದರು. ಎಲ್ಲಾ ಚಾನೆಲ್‌ಗಳ ಕ್ಯಾಮೆರಾಗಳೂ ಜೈಲಿನ ಗೇಟಿನ ಮುಂದೆ. ದಿನಗಟ್ಟಲೆ ಚರ್ಚೆ ಮಾಡಿದ್ವಿ. ಅದೇ ವಾರ ಕನಕಪುರ, ಮಾಗಡಿ, ಚನ್ನಪಟ್ಟಣದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಗರ್ಭಿಣಿಯರು ಬರ್ತಿದ್ದಾರಾ ಅಂತ ನಾವ್ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಮೊದಲು ಒಂದು ಲೆಕ್ಕ.

ಬಯಲು ಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30 ಸಾವಿರ ಜನಸಂಖ್ಯೆ, ಇದು ಸರ್ಕಾರಿ ಮಾನದಂಡ. ನಮ್ಮ ರಾಜ್ಯದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 17 ಮಕ್ಕಳು ಹುಟ್ಟುತ್ತಾರೆ. ಅಂದ್ರೆ ಒಂದು ಕೇಂದ್ರದ ವ್ಯಾಪ್ತಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 510 ಹೆರಿಗೆ. ಪ್ರತಿ ಗರ್ಭಿಣಿಗೆ ಕನಿಷ್ಠ 4 ತಪಾಸಣೆ ಆಗಬೇಕು. ಒಟ್ಟು 2,040. ವಾರಕ್ಕೆ ಹಂಚಿದರೆ ಸುಮಾರು 40.

ವಾರಕ್ಕೆ ನಲವತ್ತು ತಪಾಸಣೆ, ಅಷ್ಟೇ! ಕೈಮೀರಿದ ಕೆಲಸವೇನೂ ಅಲ್ಲ. ಆದರೆ ಹತ್ತು ವಾರ ನಿಂತರೆ ಒಂದೇ ಕೇಂದ್ರದಲ್ಲಿ 400 ತಪಾಸಣೆ ತಪ್ಪಿಹೋಗುತ್ತೆ.

ತಪ್ಪಿದ್ರೆ ಏನಾಗುತ್ತೆ? ಹೆರಿಗೆ ಹೇಗೂ ಆಸ್ಪತ್ರೆಯಲ್ಲಿ ಆಗುತ್ತಲ್ವಾ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2019ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗ್ತಿದೆ. ಆದರೂ 2016-18ರ ಅಂಕಿಅಂಶದಂತೆ ಒಂದು ಲಕ್ಷ ಜೀವಂತ ಜನನಕ್ಕೆ ನಾವು ಕಳೆದುಕೊಂಡ ತಾಯಂದಿರು 92. ಕೇರಳದಲ್ಲಿ ಇದು 43, ತಮಿಳುನಾಡಿನಲ್ಲಿ 60, ತೆಲಂಗಾಣದಲ್ಲಿ 63, ಆಂಧ್ರದಲ್ಲಿ 65. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕಡೆ. ಇದು ಕೊರೊನಾ ಬರುವುದಕ್ಕೆ ಮುಂಚಿನ ಕಥೆ! ಅಂದ್ರೆ ಹೆರಿಗೆ ದಿನ ಆಸ್ಪತ್ರೆ ಬಾಗಿಲು ಮುಟ್ಟಿದರೆ ಸಾಲದು. ಅದಕ್ಕೆ ಮುಂಚಿನ ಒಂಬತ್ತು ತಿಂಗಳು ಏನಾಯ್ತು ಅನ್ನೋದು ಮುಖ್ಯ.

ತಾಯಂದಿರ ಜೀವ ತೆಗೆಯುವ ದೊಡ್ಡ ಕಾರಣಗಳಲ್ಲಿ ಎರಡು, ರಕ್ತಸ್ರಾವ ಮತ್ತು ಏರಿದ ರಕ್ತದೊತ್ತಡ. ಎರಡರ ಸುಳಿವೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತೆ. ಬಿಪಿ 140/90 ಮುಟ್ಟಿದರೆ ಎಚ್ಚರಿಕೆ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಂಡರೆ, ತಲೆನೋವು ಬಂದರೆ, ಕಣ್ಣು ಮಂಜಾದರೆ ತಡ ಮಾಡುವ ಹಾಗೇ ಇಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ಅಪಾಯ. ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ 45ರಷ್ಟು ಜನರಿಗೆ ರಕ್ತಹೀನತೆ ಇದೆ. ಮೈಯಲ್ಲಿ ರಕ್ತವೇ ಕಡಿಮೆ ಇರುವ ಹೆಣ್ಣುಮಗಳಿಗೆ ಹೆರಿಗೆಯಲ್ಲಿ ಒಂದಿಷ್ಟು ರಕ್ತ ಹೆಚ್ಚು ಹೋದರೂ ತಡೆದುಕೊಳ್ಳುವ ಶಕ್ತಿ ಇರಲ್ಲ. ಹೆರಿಗೆಯ ನಂತರ ತೀವ್ರ ರಕ್ತಸ್ರಾವ ಆದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಆ ಎರಡು ಗಂಟೆಯ ಉತ್ತರ ಎರಡು ತಿಂಗಳ ಹಿಂದೆ ಕೊಟ್ಟ ಕಬ್ಬಿಣದ ಮಾತ್ರೆಯಲ್ಲಿ ಇರುತ್ತೆ.

ಹಾಗಾದರೆ ಸಾಂಕ್ರಾಮಿಕದಲ್ಲಿ ಏನು ಕೆಡ್ತು? ಕಟ್ಟಡ ಎಲ್ಲೂ ಹೋಗಲಿಲ್ಲ. ಬಿಪಿ ಮೆಷಿನ್ ಕೂಡ ಅಲ್ಲೇ ಇತ್ತು. ಕೈಗಳು ಬೇರೆ ಕಡೆ ಹೋದವು. ಮನೆಮನೆಗೆ ಹೋಗಿ ಗರ್ಭಿಣಿಯನ್ನು ಕರೆತರುವ ಆಶಾ ಅಕ್ಕ ಜ್ವರದ ಸರ್ವೆಗೆ ಹೋದರು. ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್ ಸ್ವಾಬ್ ತೆಗೆಯುವುದಕ್ಕೆ. ಸಿಸ್ಟರ್ ಲಸಿಕೆ ಕೊಡುವುದಕ್ಕೆ. ಆಂಬುಲೆನ್ಸ್ ಆಕ್ಸಿಜನ್ ಬೆಡ್ ಹುಡುಕುವುದಕ್ಕೆ. ಒಂದೊಂದೂ ಬೇಕಾದ ಕೆಲಸವೇ, ತಪ್ಪು ಅನ್ನೋಕಾಗಲ್ಲ. ಆದರೆ ಇಂಜಿನಿಯರಿಂಗ್‌ನಲ್ಲಿ ಮೊದಲ ವರ್ಷವೇ ಹೇಳಿಕೊಡುವ ಪಾಠ ಒಂದಿದೆ. ಎಲ್ಲಾ ಲೋಡನ್ನೂ ಒಂದೇ ಲೈನಿಗೆ ಹಾಕಿದರೆ ಫ್ಯೂಸ್ ಹೋಗುತ್ತೆ.

ಇಂಥದ್ದು ಮೊದಲೂ ಆಗಿದೆ. 2014ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹರಡಿದಾಗ ಗರ್ಭಿಣಿಯರು ಆಸ್ಪತ್ರೆಗೆ ಹೋಗುವುದಕ್ಕೇ ಹೆದರಿದರು. ಆಸ್ಪತ್ರೆ ಹೆರಿಗೆ ಕಡಿಮೆಯಾಯಿತು, ತಾಯಂದಿರ ಸಾವು ಹೆಚ್ಚಾಯಿತು. ಅವರಲ್ಲಿ ಎಷ್ಟೋ ಜನಕ್ಕೆ ಎಬೋಲಾ ಬಂದೇ ಇರಲಿಲ್ಲ.

ತಾಯಂದಿರ ಸಾವಿನ ಹಿಂದೆ ಮೂರು ವಿಳಂಬ ಇರುತ್ತೆ ಅಂತಾರೆ ತಜ್ಞರು. ಹೋಗೋಣ ಅಂತ ನಿರ್ಧಾರ ಮಾಡೋದರಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆಯೊಳಗೆ ತಡ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆ, ಕಾಡಂಚಿನ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ರಾತ್ರಿ ಹತ್ತು ಗಂಟೆಗೆ ನೋವು ಶುರುವಾಗಿದೆ. "ಆಸ್ಪತ್ರೆಗೆ ಹೋದ್ರೆ ಕೊರೊನಾ ಅಂಟುತ್ತೆ, ಬೆಳಿಗ್ಗೆವರೆಗೂ ನೋಡೋಣ ಇರವ್ವ" ಅಂತಾರೆ ಅತ್ತೆ. ಮೊದಲನೇ ತಡ. ರಸ್ತೆಯಲ್ಲಿ ಆನೆ ಭಯ, ಲಾಕ್‌ಡೌನ್, ಬಾಡಿಗೆ ಗಾಡಿ ಇಲ್ಲ. ಎರಡನೇ ತಡ. ಆಸ್ಪತ್ರೆ ಬಾಗಿಲಲ್ಲಿ "ಕೋವಿಡ್ ರಿಪೋರ್ಟ್ ಎಲ್ಲಿ?" ಮೂರನೇ ತಡ.

ಈ ಮೂರನೇ ತಡಕ್ಕೆ ಕಾನೂನಿನ ನೆಪವೂ ಇಲ್ಲ. ಕೋವಿಡ್ ಟೆಸ್ಟ್ ಆಗಿಲ್ಲ ಅಂತ ಹೆರಿಗೆಯನ್ನಾಗಲಿ ತುರ್ತು ಚಿಕಿತ್ಸೆಯನ್ನಾಗಲಿ ತಡ ಮಾಡಬಾರದು ಅಂತ ಐಸಿಎಂಆರ್ 2020ರ ಮೇ 18ರಂದೇ ಹೇಳಿದೆ. ಬೇಕಿದ್ದರೆ ಸ್ಯಾಂಪಲ್ ತಗೊಳ್ಳಿ, ಹೆರಿಗೆ ನಿಲ್ಲಿಸಬೇಡಿ. ಈ ಸಾಲನ್ನು ಪ್ರತಿ ಆಸ್ಪತ್ರೆಯ ಗೇಟಿನಲ್ಲೂ ದೊಡ್ಡದಾಗಿ ಬರೆಸಬೇಕು.

ಇನ್ನೊಂದು ಸಮಸ್ಯೆ ನಮ್ಮದೇ ಸಂಪ್ರದಾಯದ್ದು. ಚೊಚ್ಚಲ ಹೆರಿಗೆ ತವರಿನಲ್ಲಿ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರು ಮಾಗಡಿಯಲ್ಲಿ, ಹೆರಿಗೆ ಮಂಡ್ಯದ ತವರಿನಲ್ಲಿ. ನಡುವೆ ಲಾಕ್‌ಡೌನ್ ಬಂದರೆ ಇಲ್ಲಿಯ ಸಿಸ್ಟರ್ ಆಕೆ ಅಲ್ಲಿದ್ದಾಳೆ ಅಂದುಕೊಳ್ಳುತ್ತಾರೆ, ಅಲ್ಲಿಯವರ ಪಟ್ಟಿಯಲ್ಲಿ ಆಕೆಯ ಹೆಸರೇ ಇರಲ್ಲ. ಎರಡು ಕೇಂದ್ರದ ನಡುವೆ ಒಂದು ಜೀವ ಕಳೆದುಹೋಗುತ್ತೆ. ಒಂದು ಫೋನ್ ಕರೆ ಸಾಕು ಇದನ್ನು ಸರಿಮಾಡೋಕೆ.

ಮೂರನೇ ಅಲೆ ಬರುತ್ತೆ ಅಂತ ಎಲ್ಲರೂ ಹೇಳ್ತಿದ್ದಾರೆ. ಬರಲಿ, ಬಾರದೇ ಇರಲಿ, ಈಗ ಸ್ವಲ್ಪ ಬಿಡುವು ಸಿಕ್ಕಿದೆ. ಏನು ಮಾಡಬಹುದು?

ಮೊದಲನೆಯದು, ಕೈಗಳನ್ನು ಬೇರೆ ಮಾಡಿ. ಪ್ರತಿ ಕೇಂದ್ರದಲ್ಲಿ ಒಬ್ಬ ಸಿಸ್ಟರ್‌ಗೆ ಗರ್ಭಿಣಿ, ಬಾಣಂತಿಯರ ಕೆಲಸ ಬಿಟ್ಟು ಬೇರೆ ಡ್ಯೂಟಿ ಹಾಕಬೇಡಿ. ಪ್ರತಿ ತಾಲ್ಲೂಕಿನಲ್ಲಿ ಒಂದಾದರೂ ಆಂಬುಲೆನ್ಸ್ ಹೆರಿಗೆಗೇ ಮೀಸಲಿರಲಿ. ಗರ್ಭಿಣಿಗೆ ಉಚಿತ ವಾಹನ, ಉಚಿತ ಔಷಧಿ, ಉಚಿತ ಹೆರಿಗೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದಲೇ ಬಂದಿರುವ ಹಕ್ಕು. ಯಾರೂ ದಯೆ ತೋರಿಸಬೇಕಿಲ್ಲ.

ಎರಡನೆಯದು, ಬಾಗಿಲು ಬೇರೆ ಮಾಡಿ. ಜ್ವರ, ಕೆಮ್ಮು ಇರುವವರು ಒಂದು ಕಡೆ, ಗರ್ಭಿಣಿಯರು ಇನ್ನೊಂದು ಕಡೆ. ಎರಡು ಬಾಗಿಲು ಇಲ್ಲದ ಕಟ್ಟಡವಾದರೆ ಸಮಯ ಬೇರೆ ಮಾಡಿ. ಪ್ರತಿ ತಿಂಗಳು 9ನೇ ತಾರೀಕು ವೈದ್ಯರೇ ಗರ್ಭಿಣಿಯರನ್ನು ನೋಡುವ ಸುರಕ್ಷಿತ ಮಾತೃತ್ವ ಅಭಿಯಾನ 2016ರಿಂದ ಇದೆ. ಒಂದೇ ದಿನ ನೂಕುನುಗ್ಗಲು ಆಗುತ್ತೆ ಅಂದ್ರೆ ಟೋಕನ್ ಕೊಟ್ಟು ನಾಲ್ಕು ದಿನಕ್ಕೆ ಹಂಚಿ. ವಾರಕ್ಕೆ ನಲವತ್ತು ಅಂದ್ರೆ ದಿನಕ್ಕೆ ಏಳೆಂಟು ಜನ. ಶಾಲೆ ಜಗಲಿಯಲ್ಲೂ ಮಾಡಬಹುದು. ಅಪಾಯ ಇಲ್ಲದವರಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೇ ಕೊಟ್ಟು, ನಡುವೆ ಫೋನಿನಲ್ಲಿ ವಿಚಾರಿಸಿದರೂ ಆಗುತ್ತೆ.

ಮೂರನೆಯದು, ಪಟ್ಟಿ. ಬಿಪಿ ಇರುವವರು, ರಕ್ತ ಕಡಿಮೆ ಇರುವವರು, ಹಿಂದೆ ಸಿಸೇರಿಯನ್ ಆದವರು, ಇಂಥವರ ಹೆಸರು, ಫೋನ್ ನಂಬರ್, ಹೆರಿಗೆ ತಾರೀಕು ಒಂದು ಹಾಳೆಯಲ್ಲಿರಲಿ. ಯಾರು ಯಾವ ಆಸ್ಪತ್ರೆಗೆ ಹೋಗಬೇಕು, ರಾಮನಗರಕ್ಕಾ, ಮಂಡ್ಯಕ್ಕಾ, ಬೆಂಗಳೂರಿನ ವಾಣಿವಿಲಾಸಕ್ಕಾ, ಅದನ್ನು ನೋವು ಬರುವ ಮೊದಲೇ ಬರೆದಿಡಬೇಕು.

ಇನ್ನು ಲಸಿಕೆ. ಗರ್ಭಿಣಿಯರೂ ಹಾಕಿಸಿಕೊಳ್ಳಬಹುದು ಅಂತ ಕೇಂದ್ರ ಸರ್ಕಾರ ಈ ತಿಂಗಳ 2ನೇ ತಾರೀಕು ಹೇಳಿದೆ. ತಪಾಸಣೆಗೆ ಬಂದ ದಿನವೇ ವೈದ್ಯರು ವಿವರಿಸಿ ಅಲ್ಲೇ ಕೊಟ್ಟರೆ ಇನ್ನೊಂದು ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪುತ್ತೆ.

ಇದೆಲ್ಲಾ ಕೊನೆಗೆ ಯಾರ ಕಾಲ ಮೇಲೆ ನಿಂತಿದೆ? ಆಶಾ ಕಾರ್ಯಕರ್ತೆಯರ ಕಾಲ ಮೇಲೆ. ಕಳೆದ ವರ್ಷ ಜುಲೈನಲ್ಲಿ ರಾಜ್ಯದ ಆಶಾಗಳು ಮುಷ್ಕರ ಮಾಡಿದ್ದು ನೆನಪಿದೆಯಾ? ತಿಂಗಳಿಗೆ 12 ಸಾವಿರ ಗೌರವಧನ, ಮಾಸ್ಕ್, ಸುರಕ್ಷಾ ಸಾಮಗ್ರಿ ಕೇಳಿದ್ದರು. ಚಪ್ಪಾಳೆ ತಟ್ಟಿದ್ವಿ, ದೀಪ ಹಚ್ಚಿದ್ವಿ. ಅವರು ಕೇಳಿದ್ದು ಚಪ್ಪಾಳೆಯಲ್ಲ.

ನನ್ನದೂ ಒಂದು ಕೋರಿಕೆ ಇದೆ. ಪ್ರತಿ ಸೋಮವಾರ ಜಿಲ್ಲಾಡಳಿತ ಎರಡೇ ಅಂಕಿ ಕೊಡಲಿ: ಕಳೆದ ವಾರ ತಪಾಸಣೆಗೆ ಬರಬೇಕಿದ್ದ ಗರ್ಭಿಣಿಯರು ಇಷ್ಟು, ಬಂದವರು ಇಷ್ಟು. ಎಣಿಸಿದರೆ ಮಾತ್ರ ಯಾರು ಬರಲಿಲ್ಲ ಅಂತ ಗೊತ್ತಾಗೋದು, ಗೊತ್ತಾದರೆ ಮಾತ್ರ ಯಾರಾದರೂ ಹುಡುಕಿಕೊಂಡು ಹೋಗೋದು. ಆ ಎರಡು ಅಂಕಿಗೆ ನಮ್ಮ ಸ್ಕ್ರೀನ್‌ನಲ್ಲಿ ಜಾಗ ಇದೆ. ನಾನೇ ಓದ್ತೀನಿ.

ಅಲ್ಲಿಯವರೆಗೆ ನೀವೊಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಗರ್ಭಿಣಿ ಇದ್ದರೆ ಇವತ್ತೇ ಹೋಗಿ ಕೇಳಿ: "ತಾಯಿ ಕಾರ್ಡ್ ಎಲ್ಲಮ್ಮ? ಕೊನೇ ಸಲ ಬಿಪಿ ನೋಡಿದ್ದು ಯಾವಾಗ?"

ತಿಂಗಳ ಮೇಲಾಗಿದ್ದರೆ, ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗಿ.